ತೂಕದ ಆಪರೇಷನ್ ಆದ ಮೇಲೆ ಹೋಟೆಲ್ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಆಗಿ ನಾಲ್ಕು ವರ್ಷ ದಾಟಿತು. ಆಪರೇಷನ್ ಹೇಗಿತ್ತು, ನೋವಿತ್ತಾ ಅಂತ ಕೇಳುವವರು ಕಮ್ಮಿ. ಕೇಳುವುದೆಲ್ಲ ಹೋಟೆಲ್ ವಿಷಯ. ದೋಸೆ ತಿನ್ನಬಹುದಾ, ಮದುವೆ ಊಟಕ್ಕೆ ಕೂರಬಹುದಾ, ಬಿರಿಯಾನಿ ಕಥೆ ಏನು, ಎಲ್ಲರ ಮುಂದೆ ವಾಂತಿ ಆಗಿಬಿಟ್ಟರೆ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ನೋ ಡಯಟೀಷಿಯನ್ನೋ ಬೇರೆ ಹೇಳಿದ್ದರೆ ಅವರು ಹೇಳಿದ್ದನ್ನೇ ಕೇಳಿ.

ಎಷ್ಟು ದಿನಕ್ಕೆ ಹೋಟೆಲಿಗೆ ಹೋಗಬಹುದು?

ಸುಮ್ನೆ ಹೋಗಿ ಕೂರುವುದಕ್ಕಾದರೆ ಯಾವಾಗ ಬೇಕಾದರೂ ಹೋಗಿ. ತಿನ್ನುವುದಕ್ಕೆ ಸುಮಾರು ಎರಡು ತಿಂಗಳು ಕಾಯಬೇಕು. ಮೊದಲ ಎರಡು ವಾರ ಬರೀ ಕುಡಿಯುವಂಥದ್ದು, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗೆ ಬೆಂದದ್ದು, ಆರರಿಂದ ಎಂಟನೇ ವಾರದ ಹೊತ್ತಿಗೆ ಮಾಮೂಲಿ ಊಟದ ಕಡೆ. ಒಂದೊಂದು ಆಸ್ಪತ್ರೆಯಲ್ಲಿ ಒಂದೆರಡು ವಾರ ಹೆಚ್ಚು ಕಮ್ಮಿ ಹೇಳುತ್ತಾರೆ. ಒಳಗೆ ಸ್ಟೇಪಲ್ ಹಾಕಿದ ಜಾಗ ಮಾಯಬೇಕಲ್ಲ, ಅದಕ್ಕೇ ಇಷ್ಟೆಲ್ಲ.

ನಾನು ಹೋಗಿದ್ದು ಒಂಬತ್ತನೇ ವಾರ. ಮನೆ ಹತ್ತಿರದ ದರ್ಶಿನಿ. ಕೌಂಟರಿನಲ್ಲಿ "ಒಂದೇ ಒಂದು ಇಡ್ಲಿ" ಅಂದೆ. "ಸಿಂಗಲ್ಲಾ ಮೇಡಂ?" ಅಂತ ಕೇಳಿ ಟೋಕನ್ ಕೊಟ್ಟರು, ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ. ಎರಡು ದಿನದಿಂದ ಇದಕ್ಕಾಗಿ ನಿದ್ದೆ ಕೆಟ್ಟಿದ್ದೆನಲ್ಲ ಅಂತ ನಗು ಬಂತು. ಆ ಇಡ್ಲಿಯಲ್ಲಿ ಅರ್ಧ ಮುಗಿಯಲು 20 ನಿಮಿಷ ಬೇಕಾಯಿತು. ನಿಂತುಕೊಂಡು ತಿನ್ನುವ ಜಾಗದಲ್ಲಿ 20 ನಿಮಿಷ ಅಂದರೆ ಪಕ್ಕದ ಟೇಬಲ್ಲಿಗೆ ಮೂರು ಬ್ಯಾಚ್ ಜನ ಬಂದು ಹೋದರು. ಮೊದಲ ಸಲ ಹೋಗುವವರು ಕೂರುವ ಹೋಟೆಲ್ ಹುಡುಕಿಕೊಳ್ಳಿ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಹಿಂದೆ ನಿಂತು ಕಾಯುವವರು ಇರುವುದಿಲ್ಲ.

ಹೊಟ್ಟೆಯಲ್ಲಿ ಎಷ್ಟು ಹಿಡಿಸುತ್ತದೆ?

ಬೈಪಾಸಿನಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್‌ನ ಚಿಕ್ಕ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. 30 ಎಂಎಲ್ ಅಂದರೆ ಎರಡು ದೊಡ್ಡ ಚಮಚ. ತೂಕ ಇಳಿಸಲು ಸ್ಲೀವ್ ಅಂತ ಇನ್ನೊಂದು ಥರದ ಆಪರೇಷನ್ ಇದೆ, ಅದರಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು ಬಾಳೆಹಣ್ಣಿನ ಥರ ಉದ್ದನೆಯ ಕೊಳವೆ ಉಳಿಸುತ್ತಾರೆ. ಕಾಲ ಕಳೆದಂತೆ ಎರಡೂ ಸ್ವಲ್ಪ ಸಡಿಲವಾಗುತ್ತವೆ. ಈಗ ನನಗೆ ಒಂದು ಹೊತ್ತಿಗೆ ಒಂದು ಬಟ್ಟಲು ಊಟ ಸಾಕು. ಮೊದಲ ಆರು ತಿಂಗಳು ಅದರ ಕಾಲು ಭಾಗವೂ ಹೋಗುತ್ತಿರಲಿಲ್ಲ.

ಸಾಕಾಯಿತು ಅಂತ ಗೊತ್ತಾಗುವುದು ಹೇಗೆ ಅಂತಲೂ ಕೇಳುತ್ತಾರೆ. ಹಳೇ ಥರ ಹೊಟ್ಟೆ ಬಿರಿಯುವ ಹಾಗೆ ಆಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸುಳಿವು. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ನನಗೆ ಮೂಗು ಸೋರುತ್ತದೆ. ಖಾರ ಇರಲಿ ಬಿಡಲಿ, ಮೂಗು ಒರೆಸಿಕೊಂಡೆ ಅಂದರೆ ಊಟ ಮುಗೀತು. ಅದಾದ ಮೇಲಿನ ಒಂದು ತುತ್ತು ಇದೆಯಲ್ಲ, "ಇದೊಂದು ತಿಂದುಬಿಡೋಣ" ಅನ್ನುವುದು, ಅದೇ ವಾಪಸ್ ಬರುವ ತುತ್ತು.

ಸಸ್ಯಾಹಾರಿ ಹೋಟೆಲಿನಲ್ಲಿ ಏನು ಆರ್ಡರ್ ಮಾಡಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಸ್ವಲ್ಪ ಕಷ್ಟದ್ದೂ ಹೌದು. ನಮ್ಮಂಥವರಿಗೆ ದಿನಕ್ಕೆ 60 ಗ್ರಾಂ ಪ್ರೋಟೀನಾದರೂ ಬೇಕು ಅನ್ನುತ್ತಾರೆ. ಹೋಟೆಲ್ ತಿಂಡಿಯೋ, ಮೇಲಿಂದ ಕೆಳಗಿನವರೆಗೆ ಬರೀ ಅಕ್ಕಿ, ರವೆ, ಮೈದಾ, ಆಲೂಗಡ್ಡೆ. ಒಂದು ಇಡ್ಲಿಯಲ್ಲಿ ಸಿಗುವುದು ಸುಮಾರು 2 ಗ್ರಾಂ. ಇರುವ ಇಷ್ಟು ಜಾಗವನ್ನು ಇಡ್ಲಿಗೆ ಕೊಟ್ಟರೆ ಬೇರೆ ಯಾವುದಕ್ಕೂ ಜಾಗ ಇಲ್ಲ. ಹಾಗಾಗಿ ಏನೇ ತರಿಸಿದರೂ ಬೇಳೆ, ಕಾಳು, ಮೊಸರು, ಪನೀರು ಮೊದಲು. ಅನ್ನ, ದೋಸೆ, ಪೂರಿ ಜಾಗ ಉಳಿದರೆ.

ನಾನು ಮಾಡುವುದು ಹೀಗೆ. ಊಟ ಕೊಡುವ ಹೋಟೆಲಾದರೆ ತೊವ್ವೆ ಅಥವಾ ಸಾಂಬಾರು ಬೇರೆ ಬಟ್ಟಲಲ್ಲಿ ಕೇಳಿ, ಸೌಟು ತಳದಿಂದ ಎತ್ತಿ ಹಾಕಿ ಅನ್ನುತ್ತೇನೆ, ಬೇಳೆ ಇರುವುದು ಅಲ್ಲೇ. ಕಾಳಿನ ಪಲ್ಯ ಇದ್ದರೆ ಅದು. ಮೊಸರು ಒಂದು ಕಪ್ಪು. ಬೆಳಗಿನ ತಿಂಡಿಗಾದರೆ ಖಾರಾ ಪೊಂಗಲ್ ವಾಸಿ, ಹೆಸರುಬೇಳೆ ಇರುತ್ತದೆ, ಮೆತ್ತಗೂ ಇರುತ್ತದೆ. ತುಪ್ಪ ಮಾತ್ರ ಎಷ್ಟು ಸುರಿದಿದ್ದಾರೆ ನೋಡಿಕೊಳ್ಳಿ. ಪನೀರ್ ಟಿಕ್ಕಾ ಒಂದು ಪ್ಲೇಟ್ ತರಿಸಿ ಮೂರು ತುಂಡು ತಿಂದು ಮಿಕ್ಕಿದ್ದನ್ನು ಕಟ್ಟಿಸಿಕೊಂಡು ಬಂದರೆ ಮಾರನೆಯ ದಿನದ ತಿಂಡಿಯೂ ಆಯಿತು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇದೆ, ಹತ್ತಿರ ಹತ್ತಿರ ಒಂಬತ್ತು ಇಡ್ಲಿಯಷ್ಟು.

ಉತ್ತರ ಕರ್ನಾಟಕದ ಖಾನಾವಳಿ ನನಗೆ ತುಂಬ ಒಗ್ಗಿದೆ. ಹೆಸರುಕಾಳು, ಮಡಿಕೆಕಾಳು, ಕಡಲೆಹಿಟ್ಟಿನ ಝುಣಕ, ಗಟ್ಟಿ ಮೊಸರು, ಶೇಂಗಾ ಚಟ್ನಿ, ಎಲ್ಲ ಒಂದೇ ತಟ್ಟೆಯಲ್ಲಿ. ಬಿಸಿ ರೊಟ್ಟಿ ಅಂಗೈ ಅಗಲ ಸಾಕು, ಪಲ್ಯದಲ್ಲಿ ನೆನೆಸಿ ತಿನ್ನಿ. ಆದರೆ ಅಲ್ಲಿನವರು "ಇನ್ನೊಂದು ಹಾಕಸ್ಕೋರಿ" ಅಂತ ರೊಟ್ಟಿ ಹಿಡಿದು ನಿಂತುಬಿಟ್ಟರೆ ಬೇಡ ಅನ್ನುವುದು ಬಹಳ ಕಷ್ಟ.

ಇನ್ನೊಂದು ಮಾತು. ಬೆಂಗಳೂರಿನ ಎಷ್ಟೋ ಹೋಟೆಲುಗಳ ಸಾಂಬಾರು ಬೆಲ್ಲ ಹಾಕಿದ ಸಿಹಿ ಸಾಂಬಾರು. ಬೈಪಾಸ್ ಆದವರು ಅದನ್ನು ಬಟ್ಟಲುಗಟ್ಟಲೆ ಕುಡಿಯಬೇಡಿ. ಕಾರಣ ಮುಂದೆ ಬರುತ್ತದೆ.

ಮಿಲಿಟರಿ ಹೋಟೆಲ್?

ಧಾರಾಳವಾಗಿ ಹೋಗಿ. ಪ್ರೋಟೀನ್ ವಿಷಯದಲ್ಲಿ ನಿಮಗೆ ನಮಗಿಂತ ಸುಲಭ ಅಂತ ಸಸ್ಯಾಹಾರಿ ಗೆಳತಿಯರು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ಬೇಯಿಸಿದ ಮೊಟ್ಟೆ ಒಂದಕ್ಕೆ 6 ಗ್ರಾಂ. ಖೈಮಾ ಎಲ್ಲಕ್ಕಿಂತ ಅನುಕೂಲ, ಅರ್ಧ ಅಗಿಯುವ ಕೆಲಸ ಅಡುಗೆಮನೆಯಲ್ಲೇ ಮುಗಿದಿರುತ್ತದೆ. ಲಿವರ್ ಮೆತ್ತಗಿರುತ್ತದೆ. ಕೋಳಿಯಾದರೆ ಸಾರಿನಲ್ಲಿರುವ ತೊಡೆ ತುಂಡು ತೆಗೆದುಕೊಳ್ಳಿ, ಒಣಗಿದ ಎದೆ ತುಂಡು ಗಂಟಲಿನಿಂದ ಕೆಳಗೆ ನಿಂತುಬಿಡುತ್ತದೆ. ಮಟನ್ನು ನಾರು ನಾರಾಗಿದ್ದರೆ ಮುಟ್ಟಬೇಡಿ. ಬಿರಿಯಾನಿಯಲ್ಲಿ ತುಂಡು ಆರಿಸಿ ತಿಂದು ಅನ್ನವನ್ನು ಪಕ್ಕದವರಿಗೆ ದಾಟಿಸಿ. ನಮ್ಮ ಮನೆಯಲ್ಲಿ ಪಕ್ಕದವರು ಅಂದರೆ ನಮ್ಮನೆಯವರು. ನನ್ನ ತೂಕ ಇಳಿದ ಮೊದಲ ವರ್ಷ ಅವರದು 4 ಕಿಲೋ ಏರಿತು.

ಕರಾವಳಿ ಹೋಟೆಲಾದರೆ ಮೀನು. ಅಷ್ಟು ಸಲೀಸಾಗಿ ಇಳಿಯುವುದು ಇನ್ನೊಂದಿಲ್ಲ. ರವಾ ಫ್ರೈ ತರಿಸಿದರೆ ಮೇಲಿನ ರವೆ ಕೆರೆದು ಬದಿಗಿಟ್ಟು ಒಳಗಿನ ಮೀನು ತಿನ್ನಿ. ಮುಳ್ಳು ಜೋಪಾನ.

ಮುದ್ದೆ ಉಣ್ಣಬಹುದಾ?

ಅಯ್ಯೋ, ಈ ಪ್ರಶ್ನೆಗೆ ಉತ್ತರ ಕೊಡುವಾಗಲೆಲ್ಲ ಬೇಜಾರಾಗುತ್ತದೆ. ನಮಗೆ ಆಪರೇಷನ್ ಆದ ದಿನದಿಂದ ಹೇಳಿಕೊಡುವುದು ಒಂದೇ, ಅಗಿಯಿರಿ, ಇಪ್ಪತ್ತು ಮೂವತ್ತು ಸಲ ಅಗಿಯಿರಿ. ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ಹಾಗೆ ನುಂಗಿದ ತುತ್ತು ಇಳಿಯಬೇಕಾದ ಹೊಟ್ಟೆ ಚೀಲದ ಬಾಯಿ ಈಗ ಚಿಕ್ಕದು. ಮೊದಲ ವರ್ಷ ನಾನು ಮುಟ್ಟಲಿಲ್ಲ. ಈಗ ಕಡಲೆಕಾಳಿನಷ್ಟು ಗಾತ್ರ ಮುರಿದು, ಸಾರಿನಲ್ಲಿ ಮುಳುಗಿಸಿ, ನಾಲಿಗೆಯಲ್ಲಿ ಕರಗಿಸಿಕೊಂಡು ಒಂದು ನಾಲ್ಕೈದು ಸಲ ತಿನ್ನುತ್ತೇನೆ. ನಮ್ಮಪ್ಪ ನೋಡಿ, "ಇದೇನಮ್ಮಾ ಮುದ್ದೇನ ಮಾತ್ರೆ ಥರ ತಿಂತೀಯ" ಅಂದರು. ರಾಗಿ ಬೇಕೇ ಬೇಕು ಅನ್ನಿಸಿದರೆ ಅಂಬಲಿ ಕುಡಿಯಿರಿ.

ಊಟದ ಜೊತೆ ನೀರು?

ಬೇಡ. ತಿನ್ನುವುದಕ್ಕೆ ಸ್ವಲ್ಪ ಮುಂಚೆಯೇ ಕುಡಿದು ಮುಗಿಸಿ, ತಿಂದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನಮ್ಮ ಹೋಟೆಲುಗಳಲ್ಲಿ ಕೂತ ತಕ್ಷಣ ಸ್ಟೀಲ್ ಲೋಟದಲ್ಲಿ ನೀರು ತಂದಿಡುತ್ತಾರಲ್ಲ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಾನು ಲೋಟವನ್ನು ಎದುರಿನವರ ಕಡೆ ತಳ್ಳಿಬಿಡುತ್ತೇನೆ. ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿಗೂ ಹೆಚ್ಚು ಕಮ್ಮಿ ಇದೇ ಮಾತು, ಜಾರಿಕೊಂಡು ಹೋಗುತ್ತದೆ, ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ.

ಸಿಕ್ಕಿಕೊಂಡರೆ ಏನು ಮಾಡುವುದು?

ನನಗೆ ಆಗಿದ್ದನ್ನೇ ಹೇಳುತ್ತೇನೆ. ಐದನೇ ತಿಂಗಳು, ಹೈವೇ ಪಕ್ಕದ ಒಂದು ಹೋಟೆಲ್. ಪರೋಟ ತಿನ್ನುತ್ತಾ ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಿದ್ದೆ. ಎರಡನೇ ತುತ್ತು ಸರಿಯಾಗಿ ಅಗಿಯದೆ ನುಂಗಿದೆ. ಎದೆಯ ಮಧ್ಯೆ ಕಲ್ಲು ಇಟ್ಟ ಹಾಗೆ. ತಕ್ಷಣ ನೀರು ಕುಡಿದೆ, ಅದು ದೊಡ್ಡ ತಪ್ಪು. ನೀರೂ ಮೇಲೆ ನಿಂತುಕೊಂಡಿತು. ಆಮೇಲೆ ಬಾಯಿ ತುಂಬ ಬಿಳಿ ನೊರೆ, ಸೋಪಿನ ನೊರೆ ಥರ ಜೊಲ್ಲು, ನುಂಗಲೂ ಆಗದು ಉಗುಳಿದರೆ ಮುಗಿಯದು. ಕೈ ತೊಳೆಯುವ ಜಾಗದಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಕೈ ತೊಳೆಯಲು ಬಂದ ಒಬ್ಬರು ಅಜ್ಜಿ "ಎಷ್ಟು ತಿಂಗಳಮ್ಮಾ?" ಅಂತ ಕೇಳಿದರು. ನೊರೆ ಉಗುಳುತ್ತಲೇ ತಲೆ ಅಲ್ಲಾಡಿಸಿದೆ.

ತಿನ್ನುವುದು ನಿಲ್ಲಿಸಿ. ನೀರಿನಿಂದ ತಳ್ಳಲು ಹೋಗಬೇಡಿ. ಎದ್ದು ಮೆಲ್ಲಗೆ ಓಡಾಡಿ. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ ಅಥವಾ ಮೇಲೆ ಬರುತ್ತದೆ. ಗಂಟೆಗಟ್ಟಲೆ ಉಗುಳೂ ಇಳಿಯುತ್ತಿಲ್ಲ ಅಂದರೆ ಆಸ್ಪತ್ರೆಗೆ ಹೋಗಲೇಬೇಕು. ಪರೋಟ, ಬನ್ನು, ಬ್ರೆಡ್ಡು, ಸೆಟ್ ದೋಸೆ, ಆರಿ ಗಟ್ಟಿಯಾದ ಅನ್ನ, ಇವೆಲ್ಲ ಮೆತ್ತಗೆ ಕಂಡರೂ ಒಳಗೆ ಹೋಗಿ ಅಂಟಿನ ಉಂಡೆಯಾಗುತ್ತವೆ. ನುಗ್ಗೇಕಾಯಿ ಸಿಪ್ಪೆ, ಕಿತ್ತಳೆ ತೊಳೆಯ ಮೇಲಿನ ಬಿಳಿ ನಾರು, ಇವುಗಳನ್ನೂ ನುಂಗಬೇಡಿ.

ಒಂದು ಚಮಚ ಸಿಹಿ ತಿಂದರೆ ಏನಾಗುತ್ತದೆ?

ಸ್ಲೀವ್ ಆದವರಿಗೆ ಬಹುಶಃ ಏನೂ ಆಗಲಿಕ್ಕಿಲ್ಲ. ಬೈಪಾಸ್ ಆದವರಿಗೆ ಡಂಪಿಂಗ್ ಅಂತ ಒಂದು ಬರುತ್ತದೆ. ಸಕ್ಕರೆ ಹೊಟ್ಟೆಯಲ್ಲಿ ತಂಗದೆ ಒಂದೇ ಸಲ ಸಣ್ಣ ಕರುಳಿಗೆ ಸುರಿದು, ಕರುಳು ಅದಕ್ಕೆ ನೀರೆಳೆದುಕೊಂಡು ಒದ್ದಾಡುತ್ತದೆ. ತಿಂದ ಹತ್ತರಿಂದ ಮೂವತ್ತು ನಿಮಿಷದೊಳಗೆ ಶುರು. ನನಗೆ ಒಂದು ನಾಮಕರಣದಲ್ಲಿ ಐದಾರು ಚಮಚ ಶ್ಯಾವಿಗೆ ಪಾಯಸಕ್ಕೇ ಬೆವರು ಕಿತ್ತುಕೊಂಡು, ಎದೆ ದಡದಡ ಅಂತ, ಹೊಟ್ಟೆ ನುಲಿಸಿ, ಕಲ್ಯಾಣ ಮಂಟಪದ ರೂಮಿನಲ್ಲಿ ಬಾಡಿಗೆ ಪಾತ್ರೆಗಳ ಪಕ್ಕ ಫ್ಯಾನಿನ ಕೆಳಗೆ ಅರ್ಧ ಗಂಟೆ ಮಲಗಿದ್ದೆ. ಆಮೇಲೆ ತಾನೇ ಸರಿಹೋಯಿತು.

ಇನ್ನೊಂದು ಥರ ಇದೆ, ಒಂದರಿಂದ ಮೂರು ಗಂಟೆ ಬಿಟ್ಟು ಬರುವುದು. ರಕ್ತದಲ್ಲಿ ಸಕ್ಕರೆ ಧಡಕ್ಕನೆ ಇಳಿದು ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ. ಗಾಡಿ ಓಡಿಸುವವರು ಹುಷಾರು. ಇದು ಮತ್ತೆ ಮತ್ತೆ ಆದರೆ ಡಾಕ್ಟರಿಗೆ ಹೇಳಿ. ಗಟ್ಟಿ ಸಿಹಿಗಿಂತ ಕುಡಿಯುವ ಸಿಹಿ ಕೆಟ್ಟದ್ದು. ಕಬ್ಬಿನ ಹಾಲು, ಬಾದಾಮಿ ಹಾಲು, ಜ್ಯೂಸ್ ಅಂಗಡಿಯ ಮಿಲ್ಕ್‌ಶೇಕ್, ಇವುಗಳ ಸಹವಾಸವೇ ಬೇಡ.

ಮದುವೆ ಮನೆಯಲ್ಲಿ ಹೇಗೆ ನಿಭಾಯಿಸುವುದು?

ಹೋಟೆಲೇ ವಾಸಿ ಅನ್ನಿಸುವುದು ಇಲ್ಲಿ. ಹೋಟೆಲಿನಲ್ಲಿ ನೀವು ಕೇಳಿದ್ದು ಬರುತ್ತದೆ, ಮದುವೆಯಲ್ಲಿ ಕೇಳದ್ದೂ ಬರುತ್ತದೆ. ಎಲೆ ತುದಿಯ ಕೋಸಂಬರಿ ಅಗಿದು ಮುಗಿಸುವಷ್ಟರಲ್ಲಿ ಚಿತ್ರಾನ್ನ, ಹಪ್ಪಳ, ಒಬ್ಬಟ್ಟು, ತುಪ್ಪ, ಅನ್ನ, ಸಾರು ಎಲ್ಲ ಬಂದು ಬಿದ್ದಿರುತ್ತದೆ. ಮೊದಲ ಪಂಕ್ತಿಯಲ್ಲಿ ಕೂತರೆ ಮುಂದಿನ ಪಂಕ್ತಿಯವರು ನಿಮ್ಮ ಕುರ್ಚಿ ಹಿಡಿದುಕೊಂಡೇ ನಿಂತಿರುತ್ತಾರೆ. ಅದಕ್ಕೇ ಕೊನೆಯ ಪಂಕ್ತಿಗೆ ಹೋಗಿ, ಸಾಲಿನ ತುದಿಯಲ್ಲಿ ಕೂತುಕೊಳ್ಳಿ. ಮೊದಲಿಂದಲೇ ಎಲೆಗೆ ಕೈ ಅಡ್ಡ ಹಿಡಿಯಿರಿ. "ಬೇಡ" ಅಂದರೆ ಬಡಿಸುವವರು ಬಿಡುವುದಿಲ್ಲ, "ಆಮೇಲೆ ಹಾಕಿ" ಅಂದರೆ ಮುಂದೆ ಹೋಗುತ್ತಾರೆ. ಕೋಸಂಬರಿ, ತೊವ್ವೆ, ಕಾಳು ಪಲ್ಯ ನಿಧಾನಕ್ಕೆ ತಿನ್ನುತ್ತಾ ಪಂಕ್ತಿ ಏಳುವವರೆಗೆ ಕೂತಿದ್ದರೆ ಸಾಕು. ಎಲೆಯಲ್ಲಿ ಎಷ್ಟು ಉಳಿದಿದೆ ಅಂತ ಯಾರೂ ಲೆಕ್ಕ ಇಡುವುದಿಲ್ಲ, ದೊಡ್ಡತ್ತೆಯನ್ನು ಬಿಟ್ಟು.

ದೊಡ್ಡತ್ತೆಯಂಥವರಿಗೆ ಏನು ಹೇಳುವುದು? ನಾನು ಒಮ್ಮೆ "ನನಗೆ ಬೈಪಾಸ್ ಆಗಿದೆ" ಅಂದುಬಿಟ್ಟೆ. ಹಾರ್ಟಿನದು ಅಂದುಕೊಂಡರು. ಬಲವಂತ ಅಲ್ಲಿಗೇ ನಿಂತಿತು. ಆದರೆ ಸಾಯಂಕಾಲದೊಳಗೆ ಇಡೀ ಛತ್ರಕ್ಕೆ ಸುದ್ದಿ ಹಬ್ಬಿ, "ಇಷ್ಟು ಚಿಕ್ಕ ವಯಸ್ಸಿಗೆ ಪಾಪ" ಅಂತ ಯಾರ್ಯಾರೋ ಬಂದು ಕೈ ಹಿಡಿದುಕೊಂಡರು. ಈಗ ಸುಮ್ನೆ "ಹೊಟ್ಟೆ ಆಪರೇಷನ್ ಆಗಿದೆ, ಸ್ವಲ್ಪ ಸ್ವಲ್ಪವೇ ತಿನ್ನಬೇಕು" ಅನ್ನುತ್ತೇನೆ. ಸುಳ್ಳಲ್ಲ, ಪೂರ್ತಿ ಕಥೆಯೂ ಹೇಳಬೇಕಾಗಿಲ್ಲ.

ಇಷ್ಟು ಕಮ್ಮಿ ಆರ್ಡರ್ ಮಾಡಿದರೆ ಹೋಟೆಲಿನವರು ಏನಂದುಕೊಳ್ಳುತ್ತಾರೆ?

ಏನೂ ಅಂದುಕೊಳ್ಳುವುದಿಲ್ಲ. ಕಾಫಿ, ಸೂಪು ಬೈ ಟು ಮಾಡಿಕೊಂಡು ಬದುಕಿದ ಊರು ಇದು. ನಮ್ಮಂಥವರಿಗೆ ಅಂತಲೇ ಮಾಡಿದ ಹಾಗಿದೆ ಈ ಪದ್ಧತಿ. ಬೈ ಟು, ಸಿಂಗಲ್, ಖಾಲಿ ಪ್ಲೇಟ್ ಒಂದು ಕೊಡಿ, ಮಿಕ್ಕಿದ್ದು ಪಾರ್ಸೆಲ್ ಮಾಡಿ, ಈ ನಾಲ್ಕು ಮಾತು ಬಂದರೆ ಸಾಕು. ತೊಡಕಾಗುವುದು "ಒಂದು ಊಟವನ್ನು ಇಬ್ಬರು ಹಂಚಿಕೊಳ್ಳುವಂತಿಲ್ಲ" ಅಂತ ಬೋರ್ಡ್ ಹಾಕಿದ ಕಡೆ. ಅಂಥ ಕಡೆ ಕೂರುವ ಮುಂಚೆಯೇ ಕ್ಯಾಷಿಯರ್ ಹತ್ತಿರ ಹೋಗಿ, ಆಪರೇಷನ್ ಆಗಿದೆ, ಇವರ ತಟ್ಟೆಯಿಂದ ಎರಡು ತುತ್ತು ತಿನ್ನುತ್ತೇನೆ ಅಂತ ಹೇಳಿ. ನನಗೆ ಇಲ್ಲಿಯವರೆಗೆ ಒಬ್ಬರೇ ಇಲ್ಲ ಅಂದಿದ್ದು. ಅಮೆರಿಕ, ಇಂಗ್ಲೆಂಡಿನಲ್ಲಿ ಸರ್ಜನ್‌ಗಳು ಹೋಟೆಲಿನಲ್ಲಿ ತೋರಿಸಲು ಒಂದು ಕಾರ್ಡ್ ಕೊಡುವುದುಂಟು, ಚಿಕ್ಕ ಪ್ಲೇಟೋ ರಿಯಾಯಿತಿಯೋ ಕೊಡುವುದು ಬಿಡುವುದು ಹೋಟೆಲಿನವರ ಇಷ್ಟ. ಅಲ್ಲಿರುವವರು ನಿಮ್ಮ ಆಸ್ಪತ್ರೆಯಲ್ಲಿ ಕೇಳಿ ನೋಡಿ.

ಬಫೆಗೆ ಮಾತ್ರ ಹೋಗಬೇಡಿ. ದುಡ್ಡು ದಂಡ, ಜೊತೆಗೆ ಕೊಟ್ಟ ದುಡ್ಡಿಗೆ ತಿನ್ನಬೇಕು ಅನ್ನುವ ಹಳೇ ಬುದ್ಧಿ ಎದ್ದು ಕೂರುತ್ತದೆ.

ಕಾಫಿ, ಟೀ, ಸೋಡಾ?

ಕಾಫಿ ಮೊದಲ ಒಂದೆರಡು ತಿಂಗಳು ಬೇಡ ಅಂತ ನನಗೆ ಹೇಳಿದ್ದರು, ಆಮೇಲೆ ಸಕ್ಕರೆ ಇಲ್ಲದೆ, ಬೈ ಟು. ಕಬ್ಬಿಣದ ಮಾತ್ರೆ ನುಂಗಿದ ಆಸುಪಾಸಿನಲ್ಲಿ ಕಾಫಿ ಟೀ ಎರಡೂ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಸೋಡಾ, ಕೋಲಾ ಬೇಡವೇ ಬೇಡ. ಗ್ಯಾಸ್ ಹೋಗಲು ಒಳಗೆ ಜಾಗವೇ ಇಲ್ಲ.

ಪಾರ್ಟಿಯಲ್ಲಿ ಸ್ವಲ್ಪ ಡ್ರಿಂಕ್ಸ್?

ಗಂಡಸರು ಮೆಲ್ಲಗೆ, ಹೆಂಗಸರು ಇನ್ನೂ ಮೆಲ್ಲಗೆ ಕೇಳುವ ಪ್ರಶ್ನೆ. ಮೊದಲ ಆರು ತಿಂಗಳಿಂದ ಒಂದು ವರ್ಷ ಪೂರ್ತಿ ಬೇಡ. ಆಮೇಲೂ ಮೊದಲಿನ ಲೆಕ್ಕ ನಡೆಯುವುದಿಲ್ಲ. ಮದ್ಯ ಬೇಗ ರಕ್ತಕ್ಕೆ ಏರುತ್ತದೆ, ಜಾಸ್ತಿ ಹೊತ್ತು ಇರುತ್ತದೆ. ಮೊದಲು ಮೂರು ಪೆಗ್ಗಿಗೆ ಆಗುತ್ತಿದ್ದದ್ದು ಈಗ ಒಂದಕ್ಕೇ ಆಗಬಹುದು. ಒಂದೇ ಗುಟುಕು ಕುಡಿದರೂ ಗಾಡಿ ಕೀಲಿ ಬೇರೆಯವರಿಗೆ ಕೊಡಿ. ಊಟದ ಚಟ ಹೋದ ಜಾಗಕ್ಕೆ ಕುಡಿತದ ಚಟ ಬಂದು ಕೂತವರಿದ್ದಾರೆ, ಬೈಪಾಸ್ ಆದವರಲ್ಲಿ ಈ ಅಪಾಯ ಜಾಸ್ತಿ ಅಂತ ಡಾಕ್ಟರುಗಳು ಮೊದಲೇ ಎಚ್ಚರಿಸುತ್ತಾರೆ. ಇದನ್ನು ತಮಾಷೆ ಅಂದುಕೊಳ್ಳಬೇಡಿ.

ಬಸ್ ಪ್ರಯಾಣದಲ್ಲಿ ಊಟಕ್ಕೆ ನಿಲ್ಲಿಸಿದಾಗ?

ಬಸ್ಸು ನಿಲ್ಲುವುದು ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಕೈ ತೊಳೆದು, ಟೋಕನ್ ತೆಗೆದುಕೊಂಡು, ಇಪ್ಪತ್ತು ಸಲ ಅಗಿದು ತಿನ್ನುವುದು ಆಗದ ಮಾತು. ಡ್ರೈವರ್ ಹಾರ್ನ್ ಹೊಡೆದ ಅಂದರೆ ಗಬಗಬ ನುಂಗುತ್ತೀರಿ, ಆಮೇಲೆ ಬಸ್ಸಿನಲ್ಲಿ ನೊರೆ. ಹುರಿಗಡಲೆ, ಎರಡು ಬೇಯಿಸಿದ ಮೊಟ್ಟೆ, ಡಬ್ಬಿಯಲ್ಲಿ ಮೊಸರು ಕಟ್ಟಿಕೊಂಡು ಹೋಗಿ ಸೀಟಿನಲ್ಲೇ ನಿಧಾನಕ್ಕೆ ತಿನ್ನಿ.

ಮೂರು ವರ್ಷವಾಯಿತು, ಈಗ ಏನು ತಿಂದರೂ ಹೋಗುತ್ತದೆ. ತೂಕವೂ ಏರುತ್ತಿದೆ. ಯಾಕೆ?

ನನಗೂ 5 ಕಿಲೋ ವಾಪಸ್ ಬಂದಿತ್ತು. ಕಾರಣ ಊಟ ಆಗಿರಲಿಲ್ಲ, ಬೇಕರಿ ಆಗಿತ್ತು. ಕೋಳಿ ತುಂಡು ಮೂರಕ್ಕೇ ಸಾಕು ಅನ್ನುವ ಹೊಟ್ಟೆ ನಿಪ್ಪಟ್ಟು, ಚಕ್ಕುಲಿ, ಖಾರಾ ಮಿಕ್ಸ್‌ಚರ್ ಆದರೆ ಇಡೀ ಪೊಟ್ಟಣ ಒಳಗೆ ಬಿಟ್ಟುಕೊಳ್ಳುತ್ತದೆ. ಗರಿಗರಿ ತಿಂಡಿ ಬಾಯಲ್ಲೇ ಪುಡಿಯಾಗಿ ಜಾರಿಹೋಗುತ್ತದೆ, ಐಸ್‌ಕ್ರೀಮೂ ಹಾಗೇ. ಆಫೀಸಿನ ಕೆಳಗಿನ ಬೇಕರಿಗೆ ನಾಲ್ಕು ಗಂಟೆಗೆ ಇಳಿಯುವುದು ಬಿಟ್ಟೆ, ಎರಡು ತಿಂಗಳಲ್ಲಿ 3 ಕಿಲೋ ಇಳಿಯಿತು. ಮಿಕ್ಕ ಎರಡು ಇನ್ನೂ ನನ್ನ ಹತ್ತಿರವೇ ಇವೆ.

ಯಾವಾಗ ಡಾಕ್ಟರಿಗೆ ಫೋನ್ ಮಾಡಬೇಕು?

ಒಂದು ದಿನ ಪೂರ್ತಿ ನೀರೂ ನಿಲ್ಲದೆ ವಾಂತಿ, ಕಪ್ಪಗೆ ಟಾರಿನಂಥ ಮಲ, ಬಿಡದೆ ಕಾಡುವ ಜೋರು ಹೊಟ್ಟೆನೋವು, ಜ್ವರ, ಸುಮ್ಮನೆ ಕೂತಾಗಲೂ ಓಡುವ ಎದೆಬಡಿತ, ಇವುಗಳಲ್ಲಿ ಒಂದಿದ್ದರೂ ಅವತ್ತೇ ಹೋಗಿ. ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೆ, ಮಿದುಳಿಗೆ ಪೆಟ್ಟು ಬೀಳುತ್ತದೆ, ಅದಕ್ಕೇ ನಾಳೆ ನೋಡೋಣ ಅನ್ನಬಾರದು. ಎಣ್ಣೆ ಪದಾರ್ಥ ತಿಂದ ಮೇಲೆ ಬಲ ಪಕ್ಕೆಯ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲಿರಬಹುದು, ತೂಕ ಬೇಗ ಇಳಿದವರಲ್ಲಿ ಇದು ಸಾಮಾನ್ಯ.

ಕೊನೆಗೂ, ಮಸಾಲೆ ದೋಸೆ?

ತಿನ್ನುತ್ತೇನೆ. ತಿಂಗಳಿಗೊಮ್ಮೆ, ಯಾರ ಜೊತೆಗಾದರೂ, ಒಂದೇ ದೋಸೆಗೆ ಎರಡು ಪ್ಲೇಟ್. ಬೆಣ್ಣೆ ಮೇಲಿಟ್ಟು ತಂದರೆ ಅದನ್ನು ಎದುರಿನವರ ಕಡೆಗೆ ದಾಟಿಸುತ್ತೇನೆ. ಅಂಚಿನ ಗರಿಗರಿ ಕಡೆಯಿಂದ ಶುರು ಮಾಡಿ ಚಟ್ನಿಯಲ್ಲಿ ತುದಿ ಅದ್ದಿ ಅಗಿದು ಅಗಿದು ಒಳಗೆ ಬರುತ್ತೇನೆ, ಕೆಂಪು ಚಟ್ನಿ ಸವರಿದ ಜಾಗ ದಾಟಿ ಪಲ್ಯ ಸಿಗುವ ಹೊತ್ತಿಗೆ ಮೂಗು ಸೋರಲು ಶುರುವಾಗಿರುತ್ತದೆ. ಪಲ್ಯ ಅಲ್ಲಿಗೇ ಬಿಡುತ್ತೇನೆ. ಒಬ್ಬರೇ ಹೋಗಿ ಮಿಕ್ಕಿದ್ದು ಕಟ್ಟಿಸಿಕೊಂಡು ಬರೋಣ ಅಂತ ಮಾತ್ರ ಅಂದುಕೊಳ್ಳಬೇಡಿ. ಪನೀರು ಕಟ್ಟಿಸಿದರೆ ನಡೆಯುತ್ತದೆ, ಕಟ್ಟಿಸಿದ ದೋಸೆ ಮನೆಗೆ ಬರುವಷ್ಟರಲ್ಲಿ ಒದ್ದೆ ಬಟ್ಟೆ.